ಗುಂಡುಸೂಜಿ ಇಳಿಯದ ತೂತುಗಳು

...ಇಲ್ಲ ಅಳಿಯಂದಿರೇ, ಏಳಬೇಡಿ. ವ್ಯಾನು ಬಾಗಿಲಲ್ಲೇ ನಿಂತಿದೆ, ಎಲ್ಲಿಗೂ ಓಡಿಹೋಗಲ್ಲ. ನಿಮ್ಮ ಹೊಗೆ ಅಳೆಯೋ ಯಂತ್ರ ಚೀಲದಲ್ಲೇ ಇರಲಿ. ಮನೆಗೆ ಬಂದ ಅಳಿಯ ಮೊದಲು ಟೀ ಕುಡೀಬೇಕು, ಆಮೇಲೆ ಮಾವನ ಗಾಡಿಯ ಬಾಲಕ್ಕೆ ಕಡ್ಡಿ ಚುಚ್ಚಬೇಕು. ಯಾಕೆ ನಗ್ತೀರಿ? ಕಡ್ಡಿ ಅಲ್ಲವಾ? ಸರಿ, ಕೊಳವೆ ಅನ್ನಿ.

ನಾನು ಕೇಳೋದು ಇಷ್ಟೇ. ನಾಳೆ ಬೆಳಿಗ್ಗೆ ಹೊಗೆ ತಪಾಸಣೆಯ ಚೀಟಿ ಇಲ್ಲದಿದ್ದರೆ ಶಾಲೆಯ ಗೇಟಿನೊಳಗೆ ವ್ಯಾನು ಬಿಡಲ್ಲವಂತೆ. ಹದಿನಾಲ್ಕು ಮಕ್ಕಳು. ಅದರಲ್ಲಿ ಒಬ್ಬಳು ನಿಮ್ಮ ಮಗಳೇ, ನಮ್ಮ ಪುಟ್ಟಿ. ಚೀಟಿ ಬರೆಯೋ ಕೈ ನಿಮ್ಮದು. ಬರೆದುಬಿಡಿ. ಮನೆ ಗಾಡಿಗೆಂಥ ಪರೀಕ್ಷೆ?

ಹಾಗೆ ನೋಡಬೇಡಿ. ಇಂಜಿನ್ನಿನ ಮರ್ಮ ನನಗೂ ಗೊತ್ತು. ಪೆಟ್ರೋಲಿಗೆ ಕಿಡಿ ಬೇಕು. ಡೀಸೆಲ್ ಸ್ವಾಭಿಮಾನಿ, ಯಾರ ಹತ್ತಿರವೂ ಕಿಡಿ ಬೇಡಲ್ಲ. ಸಿಲಿಂಡರಿನೊಳಗೆ ಬರೀ ಗಾಳಿ ಎಳೆದುಕೊಂಡು ಪಿಸ್ಟನ್ ಒತ್ತುತ್ತೆ, ಒತ್ತುತ್ತೆ... ಹದಿನೇಳು ಲೋಟದ ಗಾಳಿ ಒಂದು ಲೋಟದಲ್ಲಿ ಕೂರೋ ತನಕ ಒತ್ತುತ್ತೆ. ಅಷ್ಟಾದರೆ ಗಾಳಿ ಕಾದ ಹೆಂಚಿನ ಹಾಗೆ. ಆಗ ಡೀಸೆಲ್ ಚಿಮುಕಿಸಿದರೆ ತಾನೇ ಹತ್ತಿಕೊಳ್ಳುತ್ತೆ. ನಿಮ್ಮತ್ತೆಯ ಹಾಗೆ. ಬೇರೆಯವರು ಕಡ್ಡಿ ಗೀರೋದೇ ಬೇಡ, ಒಳಗಿನ ಒತ್ತಡವೇ ಸಾಕು. ಮೆಲ್ಲಗೆ ನಗಿ. ಹೊಲಿಗೆ ಯಂತ್ರ ಬಿಟ್ಟು ಅಡುಗೆಮನೆಗೆ ಹೋಗಿದ್ದಾಳೆ ಅಷ್ಟೇ, ಕಿವಿ ಇಲ್ಲೇ ಇದೆ.

ಆಯ್ತು. ಉರಿಯೋವಾಗ ಅರೆಬರೆ ಬೆಂದದ್ದು ಮಸಿಯಾಗುತ್ತೆ. ಅದನ್ನು ಹಿಡಿಯೋಕೆ ಹೊಗೆ ಕೊಳವೆಯ ನಡುವೆ ಒಂದು ಡಬ್ಬ, ಡಬ್ಬದೊಳಗೆ ಪಿಂಗಾಣಿಯ ಫಿಲ್ಟರು, ಜೇನುಹುಟ್ಟಿನ ಹಾಗೆ ಮೈತುಂಬ ತೂತು. ಮಾಡಿದವನ ಜಾಣತನ ನೋಡಿ: ಒಂದು ತೂತಿಗೆ ಈ ತುದಿಯಲ್ಲಿ ಬಿರಡೆ, ಪಕ್ಕದ್ದಕ್ಕೆ ಆ ತುದಿಯಲ್ಲಿ. ತೆರೆದ ತೂತಿಗೆ ನುಗ್ಗಿದ ಹೊಗೆಗೆ ಮುಂದೆ ದಾರಿಯಿಲ್ಲ, ಗೋಡೆಯಲ್ಲೇ ತೂರಿಕೊಂಡು ಪಕ್ಕದ ತೂತಿಗೆ ಹೋಗಬೇಕು. ಗಾಳಿ ತೂರುತ್ತೆ, ಮಸಿ ಉಳಿಯುತ್ತೆ. ಟೀ ಸೋಸಿದ ಹಾಗೆ. ಕುಡೀರಿ, ಆರಿಹೋಗುತ್ತೆ.

ಉಳಿದ ಮಸಿಯನ್ನು ಗಾಡಿಯೇ ಸುಟ್ಟುಕೊಳ್ಳುತ್ತೆ. ಆದರೆ ಅರ್ಧ ಗಂಟೆ ಜೋರಾಗಿ ಓಡಿಸಿ ಫಿಲ್ಟರನ್ನು ಕಾಯಿಸಬೇಕು. ಇಲ್ಲೇ ನೋಡಿ, ಅದಕ್ಕೂ ನನಗೂ ಎಣ್ಣೆ ಸೀಗೆಕಾಯಿ. ನಿಧಾನವೇ ಪ್ರಧಾನ ಅಂತ ಬದುಕಿದವನು ನಾನು. ದೇವರು ಹದಿನಾಲ್ಕು ಜೀವ ಕೈಗೆ ಕೊಟ್ಟಿರೋವಾಗ ಮುಳ್ಳು ಮೂವತ್ತು ದಾಟಬಹುದೇ? ಸೈಕಲ್ಲಿನವರು ಗಂಟೆ ಬಾರಿಸಿ ಮುಂದೆ ಹೋಗ್ತಾರೆ. ಮಕ್ಕಳು ಆಮೆ ತಾತ ಅಂತಾರೆ. ಶಾಲೆಗೆ ಬೀದಿ ಬೀದಿ ಸುತ್ತಿದರೂ ಎರಡು ಮೈಲಿ. ಫಿಲ್ಟರು ಕಾಯೋದು ಯಾವಾಗ? ಫಿಲ್ಟರು ಕಟ್ಟಿಕೊಂಡಿದೆ ಅಂತ ವಾರಕ್ಕೊಮ್ಮೆ ಹಳದಿ ದೀಪ. ಹೆದ್ದಾರಿಗೆ ಹೋಗಿ ಎಂಬತ್ತರಲ್ಲಿ ಓಡಿಸಿ ಬನ್ನಿ ಅಂದ ಮೆಕ್ಯಾನಿಕ್ಕು. ಹೋದೆ. ಐವತ್ತಾಗೋ ಹೊತ್ತಿಗೆ ಕಾಲು ತಾನೇ ಮೇಲಕ್ಕೆದ್ದಿತು. ದೇವರ ಧ್ಯಾನ ಮಾಡ್ತಾ ವಾಪಸು ಬಂದೆ.

ಆಮೇಲೆ? ಆಮೇಲೇನು, ದೀಪ ಆರಿತು. ತಾನಾಗಿಯೇ. ದೈವಕೃಪೆ.

ಎಲ್ಲಿಗೆ ಎದ್ದಿರಿ? ಓ, ಹೊಲಿಗೆ ಯಂತ್ರದ ಹತ್ತಿರ. ಗುಂಡಿ ಕಿತ್ತುಬಂದಿದೆಯಾ? ಅದಾ... ಅದು ನಿಮ್ಮತ್ತೆ ಗುಂಡುಸೂಜಿ ಸಿಕ್ಕಿಸೋ ದಿಮ್ಮಿ. ಪೇಟೆಯಲ್ಲಿ ಸಿಕ್ತು. ನೋಡೋಕೆ ಚೆನ್ನ, ಆದರೆ ಅರ್ಧದಷ್ಟು ತೂತಿಗೆ ಸೂಜಿಯೇ ಇಳಿಯಲ್ಲ ಅಂತ ದಿನಾ ಬೈಸಿಕೊಳ್ತೀನಿ. ಒಂದು ಬಿಟ್ಟು ಒಂದು ತೂತು...

ಸೂಜಿ ಯಾಕೆ ಕೈಗೆ ತಗೊಂಡಿರಿ?

ಒಂದೊಂದೇ ಚುಚ್ಚಿ ನೋಡೋದೇನಿದೆ? ಹೂಂ, ಅದು ಇಳಿಯುತ್ತೆ. ಅದು ಇಳಿಯಲ್ಲ. ಅದು ಇಳಿಯುತ್ತೆ. ಅದು...

ಸಾಕು ಅಳಿಯಂದಿರೇ, ಸೂಜಿ ಕೆಳಗಿಡಿ. ಬೈಯೋದಿದ್ದರೆ ಬೈದುಬಿಡಿ.

ಹೊಗೆ ಕೊಳವೆಯ ಡಬ್ಬ ಖಾಲಿ ಇದೆ. ಹೋದ ತಿಂಗಳಿಂದ. ಮೆಕ್ಯಾನಿಕ್ಕಿಗೆ ನಾನೇ ಫಿಲ್ಟರು ತೆಗೀ ಅಂದೆ. ದೀಪ ಹತ್ತದ ಹಾಗೆ ಗಾಡಿಯ ಕಂಪ್ಯೂಟರಿಗೂ ಸುಳ್ಳು ಹೇಳಿಕೊಟ್ಟ. ಇಷ್ಟು ಚಂದದ ವಸ್ತು ಎಸೆಯೋಕೆ ಮನಸ್ಸಾಗದೆ ತೊಳೆದು ಮನೆಗೆ ತಂದೆ. ಮೊನ್ನೆ ಪುಟ್ಟಿ ವ್ಯಾನಿನ ಹಿಂದಿನ ಗಾಜಿನ ಮೇಲೆ ಬೆರಳಲ್ಲಿ ಒಂದು ಆಮೆ ಬರೆದಳು. ಗಾಜಿಗೆ ಕೂತ ಮಸಿಯಲ್ಲಿ. ತಾತಾ, ನೀನೇ ಇದು ಅಂದಳು. ನಾನೂ ನಕ್ಕೆ. ಆಮೇಲೆ ಅವಳ ಬೆರಳು ಒರೆಸಿದೆ, ಗಾಜೂ ಒರೆಸಿದೆ. ಅವಳು ಕೂರೋದು ಆ ಹಿಂದಿನ ಸೀಟಿನಲ್ಲೇ.

ಲೇ ಇವಳೇ, ಒಂದು ಬಟ್ಟಲು ತಗೊಂಡು ಬಾ. ನಿನ್ನ ಗುಂಡುಸೂಜಿಗಳನ್ನೆಲ್ಲ ಕಿತ್ತುಕೋ. ಹೂಂ, ಎಲ್ಲವನ್ನೂ.

ಕೈ ಚಾಚಿದ್ದು ಕೀಲಿಗಾ? ತಗೊಳ್ಳಿ. ಆ ದಿಮ್ಮಿಯನ್ನು ಮಾದರಿಗೆ ಕೊಟ್ಟು ಹೊಸ ಫಿಲ್ಟರು ಹಾಕಿಸೋ ತನಕ ನಿಮ್ಮ ಹತ್ತಿರವೇ ಇರಲಿ. ಹಾಕಿಸಿದ ಮೇಲೆ ಹೆದ್ದಾರಿಯಲ್ಲಿ ನೀವೇ ಓಡಿಸಿ, ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರ್ತೀನಿ.

ಚೀಟಿ ಬರೀಬೇಡಿ. ನಾಳೆ ಮಕ್ಕಳನ್ನು ನಡೆಸಿಕೊಂಡೇ ಹೋಗ್ತೀನಿ. ಅಡ್ಡದಾರಿ ಹಿಡಿದರೆ, ನನ್ನ ವ್ಯಾನಿಗಿಂತ ಬೇಗ ಮುಟ್ತೀವಿ.