ಹರಿದ ರೊಟ್ಟಿಯ ಏಳನೇ ಅನುಮಾನ

ಸನ್ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ಹಾರದ ಭಾರಕ್ಕೆ ತಲೆ ತಗ್ಗಿಸಿ ಕೂತಿರುವ ನನ್ನ ಮಗ ಏಕಾಂತಪ್ಪನೇ, ಕೂಡ್ಲಿಗಿಯ ಸಭಿಕರೇ,

ಶೇಂಗಾ ಇಳುವರಿ ಏಕೆ ಕುಸಿಯಿತೆಂದು ಇದ್ದ ಹತ್ತಾರು ಅನುಮಾನಗಳನ್ನು ಒಂದೇ ಹಂಗಾಮಿನಲ್ಲಿ ಜರಡಿ ಹಿಡಿದನೆಂದು ಊರಿನವರು ಇವನನ್ನು ಸನ್ಮಾನಿಸುತ್ತಿದ್ದೀರಿ. ಸಂತೋಷ. ಆದರೆ ಈ ವಿದ್ಯೆ ಮೊದಲು ನಡೆದದ್ದು ಎಲ್ಲಿ? ಹೊಲದಲ್ಲೇ? ಅಲ್ಲ, ನನ್ನ ಅಡಿಗೆಮನೆಯಲ್ಲಿ.

ಎಪ್ಪತ್ತೊಂಬತ್ತರಲ್ಲಿ ಕೊಟ್ಟೂರಿನಿಂದ ಸೊಸೆ ಕಲ್ಯಾಣಮ್ಮ ಬಂದಳು. ಬಂಗಾರದಂಥ ಹುಡುಗಿ. ಆದರೆ ರೊಟ್ಟಿ? ಬಡಿದದ್ದೆಲ್ಲ ಹಂಚಿಗೆ ಹಾಕುವಾಗ ಹರಿಯುತ್ತಿತ್ತು. ನಾನು ಬೈಯುವವಳಲ್ಲ, ಸಭಿಕರೇ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಸುಮ್ಮನೆ ನೋಡುತ್ತಿದ್ದೆ, ಅಷ್ಟೇ. ಕಡೆಗೆ ಮಗನಿಗೆ ಹೇಳಿದೆ: "ಈಕಿನ್ನ ತೌರಿಗೆ ಬಿಟ್ಟು ಬಾ. ರೊಟ್ಟಿ ಕಲತಮ್ಯಾಲೆ ಬರ್ಲಿ."

ಸೊಸೆ ಕಣ್ಣೊರೆಸಿಕೊಂಡು ಟ್ರಂಕು ತುಂಬಿದಳು. ಮಗ ಅಂದ, "ಯವ್ವಾ, ಎಂಟು ದಿನ ತಡಿ. ತಪ್ಪು ಯಾವುದ್ರಾಗೈತಿ ನೋಡ್ತೀನಿ."

ಅನುಮಾನ ಏಳಂತೆ, ಒಂದೊಂದಕ್ಕೂ ಎರಡು ಬಗೆಯಂತೆ. ಜೋಳ ಹೊಸದೋ ಹಳೆಯದೋ, ಬೀಸಿದ್ದು ಕಲ್ಲೋ ಗಿರಣಿಯೋ, ನೀರು, ಹಂಚು, ಸೌದೆ, ನಾದುವ ಹೊತ್ತು. ಒಂದೊಂದನ್ನೇ ಬದಲಿಸಿ ನೋಡಬಾರದೇ? ಬಾರದಂತೆ. ದಿನಾ ಹಲವನ್ನು ಒಟ್ಟಿಗೇ ಅದಲುಬದಲು ಮಾಡಬೇಕು. ಆದರೆ ಪ್ರತಿಯೊಂದೂ ನಾಲ್ಕು ದಿನ ಹೀಗೆ, ನಾಲ್ಕು ದಿನ ಹಾಗೆ, ಉಳಿದವುಗಳ ಜೊತೆ ಸಮಸಮವಾಗಿ ಬೆರೆತಿರಬೇಕು. ಆಗ ಎಂಟೇ ದಿನಕ್ಕೆ ಕಳ್ಳ ಸಿಗುತ್ತಾನೆ. ಎಲ್ಲ ಬಗೆಯನ್ನೂ ಮಾಡಿ ನೋಡುತ್ತೇನೆಂದರೆ ನೂರಿಪ್ಪತ್ತೆಂಟು ದಿನ ಹರಿದ ರೊಟ್ಟಿ ತಿನ್ನಬೇಕು.

ಆರೇ ಆದವಲ್ಲ, ಏಳನೆಯದು ಯಾವುದು ಎನ್ನುತ್ತೀರಾ? ನಾನೂ ಕೇಳಿದೆ. "ಅದೊಂದು ಐತಿ ಬಿಡವ್ವಾ" ಅಂದ.

ಆ ವಾರ ಮಗನ ಮಾತೃಭಕ್ತಿಯನ್ನು ಏನೆಂದು ಹೇಳಲಿ? ಒಮ್ಮೆ ತಂಬ್ರಹಳ್ಳಿಗೆ, ನನ್ನ ತಂಗಿಯ ಮನೆಗೆ. ಒಮ್ಮೆ ಗುಡೇಕೋಟೆಗೆ. ನಾಲ್ಕು ಸಲ ಬೆಳಿಗ್ಗೆಯೇ ನನ್ನನ್ನು ಬಸ್ಸು ಹತ್ತಿಸಿದ. ಇಂಥ ಮಗ ಯಾರಿಗಿದ್ದಾನೆಂದು ಕಂಡಕ್ಟರಿಗೂ ಹೇಳಿಕೊಂಡೆ.

ಒಂಬತ್ತನೇ ದಿನ ಕೇಳಿದೆ. ಜೋಳವೋ? ಅಲ್ಲ. ಹಂಚೋ? ಅಲ್ಲ. ನಾನು ಬಸ್ಸು ಹತ್ತಿದ ನಾಲ್ಕೂ ದಿನ, ಹಿಟ್ಟು ಯಾವುದೇ ಇರಲಿ, ರೊಟ್ಟಿ ತೆಳ್ಳಗೆ, ಗುಂಡಗೆ ಬಂದಿದ್ದವಂತೆ. ಇದೆಂಥ ಶಾಸ್ತ್ರ? ನಾನು ಇಂದಿಗೂ ಒಪ್ಪಿಲ್ಲ. ಮಣೆಯನ್ನು ಪಡಸಾಲೆಗೆ ತಂದದ್ದು ನನ್ನ ಮೊಣಕಾಲು ನೋವಿಗೆ. ಸೊಸೆಯ ಟ್ರಂಕು ಮತ್ತೆ ಅಟ್ಟ ಹತ್ತಿತು, ಅದು ಬೇರೆ ಮಾತು.

ಇನ್ನು ಮಗನ ಸಾಧನೆ. ಸಾಧನೆ ಏನೆಂದರೆ... ಮನೆಯಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಇಷ್ಟು ಹೊತ್ತು ಸರಿಯಾಗಿಯೇ ಬರುತ್ತಿತ್ತಲ್ಲ. ಕಲ್ಯಾಣಮ್ಮ ಈಗಷ್ಟೇ ಮುಂದಿನ ಸಾಲಿಗೆ ಬಂದು ಕೂತಳು. ಏನೂ ಅನ್ನುತ್ತಿಲ್ಲ. ಸುಮ್ಮನೆ ನೋಡುತ್ತಿದ್ದಾಳೆ, ಅಷ್ಟೇ.

ಕಲ್ಯಾಣಮ್ಮಾ, ಒಂದೀಟು ಆ ಕಡಿ ನೋಡವ್ವಾ, ಮುಗಿಸ್ತೀನಿ.

ಕೇಳಿದವರಿಗೆಲ್ಲ ಉಪಕಾರ. ನಮಸ್ಕಾರ.