ಒದ್ದೆ ಬಟ್ಟೆಯ ಮೇಲಿನ ಕೆಂಪು

"ಸಂಡೂರಾಗ ಯಾವ ನಾಯಿ ಕೆಂಪಿಲ್ಲಬೇ? ಅದು ಮೈನ್ಸಿನ ಧೂಳು, ಏಳು ಹೋಗಾಮು," ಎಂದು ಲಾರಿ ಡ್ರೈವರ್ ಈಶ್ವರ್ ತಾಯಿ ಜಂಬಮ್ಮನ ಮೇಲೆ ರೇಗಿದ.

ದನದ ದವಾಖಾನೆಯ ಬೆಂಚಿನಲ್ಲಿ ಮೇಕೆ ಹಿಡಿದು ಕೂತಿದ್ದ ರೇವಣಸಿದ್ದ ಕಿವಿ ನಿಮಿರಿಸಿದ.

ಜಂಬಮ್ಮ ನಾಯಿಮರಿಯ ಮೈ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಟ್ಟೆಗೆ ಒತ್ತಿದಳು. ಬಟ್ಟೆ ಕೆಂಪಾಯಿತು.

"ಧೂಳು ಒಣಗಿದ್ರೂ ಕೆಂಪಲೇ. ಇದು ಕರ್ರಗಿತ್ತು. ಚಿಗಟ ರಕ್ತ ಕುಡಿದು ಹೇತದ್ದಿದು."

"ಸಾಸಿವಿಯಷ್ಟಿಲ್ಲ, ಎಷ್ಟು ಕುಡಿದಾವು?"

"ನೂರಾರು ಅದಾವ. ಒಸಡು ನೋಡು, ರಕ್ತ ಇಲ್ದ ಸುಣ್ಣದಂಗ ಆಗ್ಯಾವ. ಇದರ ಅಣ್ಣನೂ ಹಿಂಗ ಸತ್ತೋತು. ಆವಾಗೂ ಧೂಳೇ ಅಂದಿ."

ಈಶ್ವರ್ ಮರಿಯ ತುಟಿ ಎತ್ತಿ ನೋಡಿದ. ದನಿ ತಗ್ಗಿತು.

"ಡಾಕ್ಟರ್ ಎಷ್ಟೊತ್ತಿಗೆ ಬರ್ತಾರ?"

"ಮಧ್ಯಾಹ್ನ ಅಂತ."

"ಅಲ್ಲಿತನ ಇದು ತಡೆಯಂಗಿಲ್ಲ. ಹೊಸಪೇಟೆ ದವಾಖಾನಿಗೆ ಹೋಗಾಮು."

ಮರಿಯನ್ನು ಎದೆಗವಚಿಕೊಂಡು ಅವನು ಹೊರಟೇಬಿಟ್ಟ. ತಾಯಿ ಹಿಂದೆಯೇ ಓಡಿದಳು. ಮಧ್ಯಾಹ್ನ ಡಾಕ್ಟರು ಬಂದರು. ಮರಿ ಉಳಿಯಿತೇ ಎಂದು ತಿಳಿಯಲು ರೇವಣಸಿದ್ದ ಸಂಜೆವರೆಗೂ ಬಾಗಿಲು ನೋಡಿದ. ತಾಯಿ, ಮಗ ಮರಳಲಿಲ್ಲ.