ಹೊಸ ಕಾರಿನ ಆರತಿ

ಅಮೆರಿಕದ ಲೈಲ್ ಊರಿನ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ಎದುರಿಗೆ ಅತ್ತೆ, ಸೊಸೆ. ಸೊಸೆಯ ಎರಡೂ ಪಾದಗಳಿಗೆ ಬ್ಯಾಂಡೇಜು. ನನಗೂ ಕನ್ನಡ ಬರುತ್ತದೆಂದು ಹೇಳಬೇಕಿತ್ತು, ಹೇಳಲಿಲ್ಲ.

“ಮರಗಟ್ಟಿದ್ದ ಕಾಲು ಬಿಸಿನೀರಲ್ಲಿಟ್ಟಾಗ ಕೆಂಪಗಾಯ್ತು. ರಕ್ತ ಓಡ್ತಿದೆ, ಸರಿಹೋಯ್ತು ಅನ್ಕೊಂಡೆ ಇಂಚರಾ.”

“ನಾನೂ ಹಾಗೇ ಅನ್ಕೊಂಡೆ ಅತ್ತೆ. ನಿಂತಿದ್ದ ರಕ್ತ ವಾಪಸ್ ಬಂದಾಗ್ಲೂ ಒಳಗೆ ಪೆಟ್ಟಾಗತ್ತಂತೆ. ಅದಕ್ಕೇ ಈ ಆಕ್ಸಿಜನ್ ಚೇಂಬರಲ್ಲಿ ಮಲಗಿಸೋದು.”

“ಬೆರಳು ಉಳಿಯತ್ತಾ?”

“ಹತ್ತು ಸಲ ಆದ್ಮೇಲೆ ಹೇಳ್ತಾರಂತೆ. ಇವತ್ತು ಮೂರನೇದು.”

“ಹೊಸ ಕಾರಿಗೆ ಆರತಿ ಎತ್ತುವಾಗ ಚಪ್ಪಲಿ ಬೇಡ ಅಂದಿದ್ದು ನಾನು. ಡ್ರೈವ್‌ವೇ ತುಂಬಾ ಐಸ್ ಇತ್ತು.”

“ಬಿಡಿ ಅತ್ತೆ.”

“ನಾನು ಮಾತ್ರ ಗರಾಜ್ ಒಳಗೆ ಬೂಟು ಹಾಕ್ಕೊಂಡು ನಿಂತು, ಅರ್ಧ ಗಂಟೆ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಬಾ ಅಂತಾನೇ ಇದ್ದೆ.”

ಸೊಸೆ ಫೋನ್ ನೋಡತೊಡಗಿದಳು.

“ಈ ಕ್ಲಿನಿಕ್‌ನವರಿಗೆ ಏನಂತ ಹೇಳಿದೀಯ?”

“ಮನೆ ಬಾಗಿಲು ಲಾಕ್ ಆಗ್ಬಿಡ್ತು, ಹೊರಗೆ ಸಿಕ್ಕಾಕೊಂಡೆ ಅಂತ.”

“ನನಗೋಸ್ಕರಾನಾ?”

“ಎಲ್ಲರ ಮುಂದೆ ಇನ್ನೇನು ಹೇಳ್ಲಿ ಅತ್ತೆ?”

ನರ್ಸ್ ವೀಲ್‌ಚೇರ್ ತಂದು ಸೊಸೆಯನ್ನು ಕೂರಿಸಿ ಒಳಗೆ ತಳ್ಳಿಕೊಂಡು ಹೊರಟಳು. ಅತ್ತೆ ತಲೆ ತಗ್ಗಿಸಿ ಹಿಂದೆ ನಡೆದರು. ಬಾಗಿಲು ದಾಟುವಾಗ ಅವರು ನರ್ಸ್‌ಗೆ ಹೇಳುತ್ತಿದ್ದುದು ಕೇಳಿಸಿತು:

“ಡೋರ್ ನೋ ಲಾಕ್. ಐ ಟೋಲ್ಡ್ ಹರ್, ನೋ ಶೂಸ್.”